ನಡುವೆ ಖಾಲಿ ಬಿಟ್ಟ ಗೋಡೆ

ಗಾರೆ ಕೆಲಸದ ಅಜ್ಜ ನಲವತ್ತು ವರ್ಷದಲ್ಲಿ ಕಟ್ಟಿದ ಒಂದು ಗೋಡೆಯೂ ಬಿರುಕು ಬಿಟ್ಟಿರಲಿಲ್ಲ. ಹೊಸ ಶಾಲೆಗೆ ಜೋಡಿ ಗೋಡೆ ಕಟ್ಟಿ, ನಡುವೆ ನಾಲ್ಕು ಬೆರಳು ಖಾಲಿ ಬಿಡಬೇಕೆಂದು ಇಂಜಿನಿಯರಮ್ಮ ಹೇಳಿದಾಗ ಅವನು ಹುಬ್ಬು ಗಂಟಿಕ್ಕಿದ.

"ಒಳಗಿನ ಗಾಳಿ ಬಿಸಿಲಿನ ಕಾವು ತಡೆಯುತ್ತೆ ಅಜ್ಜ. ಫ್ಯಾನೂ ಅಷ್ಟಾಗಿ ಬೇಕಾಗಲ್ಲ."

"ಇಟ್ಟಿಗೆ ಉಳಿಸೋಕೆ ಎಂಥಾ ಕಥೆ ಕಟ್ತಾಳೆ ನೋಡು," ಎಂದು ಅಜ್ಜ ಗೊಣಗಿಕೊಂಡ.

ಒಂದನೇ ತರಗತಿಯಲ್ಲಿ ಕೂರುವವಳು ಅವನ ಮೊಮ್ಮಗಳು. ಟೊಳ್ಳು ಗೋಡೆ ಅವಳ ಮೇಲೆ ಕುಸಿದರೆ ಏನು ಗತಿ? ಇಂಜಿನಿಯರಮ್ಮ ಊಟಕ್ಕೆ ಹೋದಾಗಲೆಲ್ಲ ಅವನು ಆ ಒಂದು ಕೋಣೆಯ ಗೋಡೆಯೊಳಗೆ ಇಟ್ಟಿಗೆ ಚೂರು, ಗಾರೆ ತುಂಬುತ್ತ ಬಂದ.

ಬಿಸಿಲುಗಾಲ ಬಂತು. ಶಾಲೆಯೆಲ್ಲ ತಂಪಾಗಿತ್ತು, ಒಂದನೇ ತರಗತಿ ಮಾತ್ರ ಕಾದ ಹಂಚಾಗಿತ್ತು. ಮೊಮ್ಮಗಳ ಬೆನ್ನು ತುಂಬ ಬೆವರುಸಾಲೆ ಎದ್ದದ್ದು ಕಂಡು ಅಜ್ಜ ತಾನೇ ಹೋಗಿ ಇಂಜಿನಿಯರಮ್ಮನ ಮುಂದೆ ತಪ್ಪೊಪ್ಪಿಕೊಂಡ. ಗೋಡೆ ಬಿಚ್ಚಿ ಸರಿಮಾಡುವ ತನಕ ಮಕ್ಕಳನ್ನು ಪಕ್ಕದ ಕೋಣೆಗೆ ಕಳಿಸಿದರು.

"ಈಗಲಾದ್ರೂ ನಂಬಿಕೆ ಬಂತಾ ಅಜ್ಜ?"

"ತಂಪಾಗುತ್ತೆ ಅನ್ನೋದನ್ನ ನಂಬ್ತೀನಿ ತಾಯಿ."

ಅಷ್ಟು ಹೇಳಿ, ಮೊಮ್ಮಗಳನ್ನು ಆ ಪಕ್ಕದ ಕೋಣೆಯ ನಟ್ಟನಡುವೆ ಕೂರಿಸಿ, ಕಿವಿಯಲ್ಲಿ ಪಿಸುಗುಟ್ಟಿದ: "ಗೋಡೆಗೆ ಮಾತ್ರ ಒರಗಬೇಡ ಕಂದಾ."