ಹಮೀದನ ಉಳ್ಳಾಗಡ್ಡಿ

ಮೊನ್ನೆ ಪಾಸ್‌ಬುಕ್ ಹಿಡಿದುಕೊಂಡು ಬ್ಯಾಂಕಿಗೆ ಹೋಗಿದ್ದೆ. ಎಲ್ಲವೂ ಮೊಬೈಲಿನಲ್ಲೇ ಕಾಣುವ ಕಾಲದಲ್ಲಿ ಪಾಸ್‌ಬುಕ್ ಯಾಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳುತ್ತಾಳೆ. ಅವಳಿಗೆ ಏನೋ ಒಂದು ಸಬೂಬು ಹೇಳುತ್ತೇನೆ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ನಾನು ಹೋಗುವುದು ಅಲ್ಲಿನ ಪ್ರಿಂಟರಿನ ಸದ್ದು ಕೇಳುವುದಕ್ಕೆ. ಕೌಂಟರಿನಲ್ಲಿ ಕೂತ ಹುಡುಗಿ ಪುಸ್ತಕವನ್ನು ಅದರ ಬಾಯಿಗಿಟ್ಟ ಕೂಡಲೇ ಕರ್ರ್ ಕರ್ರ್ ಎಂದು ಸಾಲು ಕೊರೆಯಲು ಶುರುಮಾಡುತ್ತದೆ. ಈಗಿನ ಪ್ರಿಂಟರುಗಳು ಬೆಕ್ಕು ನಡೆದ ಹಾಗೆ ಸದ್ದಿಲ್ಲದೆ ಕೆಲಸ ಮುಗಿಸುತ್ತವೆ. ಇದು ಹಾಗಲ್ಲ, ಒಂದೊಂದು ಅಕ್ಷರಕ್ಕೂ ತಾನು ಪಟ್ಟ ಪಾಡನ್ನು ಊರಿಗೆಲ್ಲ ಕೇಳಿಸುತ್ತದೆ. ಆ ಸದ್ದು ಕಿವಿಗೆ ಬಿತ್ತೆಂದರೆ ನಾನು ತುಮಕೂರಿನಲ್ಲಿ ಇರುವುದಿಲ್ಲ. ದೋಹಾದ ಮದೀನತ್ ಖಲೀಫಾ ಬಡಾವಣೆಯಲ್ಲಿ, ರಾಯರ ಮನೆಯ ಊಟದ ಕೋಣೆಯಲ್ಲಿ, ಶುಕ್ರವಾರದ ಮಧ್ಯಾಹ್ನ ಹೊಟ್ಟೆ ತುಂಬ ಉಂಡು ಕೂತಿರುತ್ತೇನೆ.

ತೊಂಬತ್ತರ ದಶಕದ ನಡುವಿನ ಮಾತು ಅದು. ಒಂದು ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿ ನನಗೆ ಕೆಲಸ. ಇನ್ನೂ ಮದುವೆಯಾಗಿರಲಿಲ್ಲ. ಅಲ್ಲಿನ ನಜ್ಮಾ ಬಡಾವಣೆಯಲ್ಲಿ ಒಂದು ಟೈಲರ್ ಅಂಗಡಿಯ ಮೇಲಿನ ರೂಮಿನಲ್ಲಿ ನಾವು ಮೂವರು ಇದ್ದೆವು. ಕೆಳಗಿನ ಅಂಗಡಿಯಲ್ಲೇ ಬಟ್ಟೆ ಕತ್ತರಿಸುವ ಹಮೀದ ಪುತ್ತೂರಿನ ಕಡೆಯವನು, ಮನೆಮಾತು ಬ್ಯಾರಿ. ಬಸವರಾಜ ಬಿಜಾಪುರದವನು, ಎಲೆಕ್ಟ್ರಿಷಿಯನ್. ಅವರಿಬ್ಬರೂ ಸರದಿಯ ಮೇಲೆ ಅಡುಗೆ ಮಾಡುತ್ತಿದ್ದರು. ನನ್ನ ಸರದಿಯಲ್ಲಿ ಮಾಡಿದ್ದನ್ನು ಒಂದು ಸಲ ಉಂಡ ಮೇಲೆ, ಪಾತ್ರೆ ತೊಳೆಯುವುದರಲ್ಲಿ ನಾನು ಬಹಳ ಚುರುಕು ಎಂದು ಇಬ್ಬರೂ ಒಕ್ಕೊರಲಿನಿಂದ ಹೊಗಳಿ, ಆ ಕೆಲಸವನ್ನು ನನಗೆ ಕಾಯಂ ಮಾಡಿದರು.

ರಾಯರು ನಮ್ಮ ಆಫೀಸಿನ ಅಕೌಂಟ್ಸ್ ವಿಭಾಗದಲ್ಲಿದ್ದರು. ಮೈಸೂರಿನವರು. ಅವರ ಹೆಂಡತಿ ವಸುಮತಿ ಧಾರವಾಡದವರು. ಮದುವೆಗೆ ಮೊದಲು ಭಾಷಾವಿಜ್ಞಾನದಲ್ಲಿ ಪಿಎಚ್.ಡಿ.ಗೆ ಸೇರಿದ್ದರು. ಒಂದೇ ವಸ್ತುವಿಗೆ ಕನ್ನಡನಾಡಿನ ಬೇರೆ ಬೇರೆ ಜಿಲ್ಲೆಗಳಲ್ಲಿ ಏನೇನು ಹೆಸರಿದೆ ಎಂದು ಕೇಳಿ ತಿಳಿದು, ಅದನ್ನೆಲ್ಲ ನಕ್ಷೆಯ ಮೇಲೆ ಗುರುತಿಸುವುದು ಅವರ ವಿಷಯ. ಎರಡು ಜಿಲ್ಲೆ ತಿರುಗುವಷ್ಟರಲ್ಲಿ ಮದುವೆಯಾಯಿತು. ಗಂಡನ ವೀಸಾದ ಮೇಲೆ ದೋಹಾಕ್ಕೆ ಬಂದರು. ನೋಂದಣಿಯ ಅವಧಿ ಅಲ್ಲಿ ಧಾರವಾಡದಲ್ಲಿ ತನ್ನಷ್ಟಕ್ಕೆ ಸವೆಯುತ್ತಿತ್ತು. ಇವರು ಇಲ್ಲಿ ಏಸಿ ಹಾಕಿಕೊಂಡು, ಕಿಟಕಿಯ ಪರದೆ ಎಳೆದುಕೊಂಡು ಕೂತಿದ್ದರು.

ವಾರದ ರಜೆಯ ಒಂದು ಶುಕ್ರವಾರ ರಾಯರು ನಮ್ಮ ಮೂವರನ್ನೂ ಊಟಕ್ಕೆ ಕರೆದರು. ಊಟಕ್ಕೆ ಮೊದಲು ಮಾತಿಗೆಂದು ಇಟ್ಟಿದ್ದ ಹುರಿದ ಕಡಲೆಕಾಯಿಯ ಬಟ್ಟಲನ್ನು ನಾನು ಮೊಣಕೈ ತಾಗಿಸಿ ಚೆಲ್ಲಿಬಿಟ್ಟೆ. ಸಂಕೋಚದಿಂದ ಎದ್ದು, "ಪೊರಕೆ ಎಲ್ಲಿದೆ ಮೇಡಂ?" ಎಂದೆ.

"ಹಿಡಿಸೂಡಿ ಎಲ್ಲುಂಟು ಹೇಳಿ ಅಕ್ಕ, ನಾನೇ ಗುಡಿಸ್ತೇನೆ. ಇವನು ಗುಡಿಸಿದ್ರೆ ನೆಲಗಡಲೆ ಎಲ್ಲ ಸೋಫಾದ ಅಡಿಗೆ ಹೋಗ್ತದೆ," ಎಂದ ಹಮೀದ.

"ಕಸಬರಗಿ ಅಲ್ಲೇ ಬಾಗಲಾ ಹಿಂದ ಅದ, ತಗೋ," ಎಂದ ಬಸವರಾಜ. "ಶೇಂಗಾ ತುಳೀಬ್ಯಾಡ್ರಿ."

ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ವಸುಮತಿ ನಮ್ಮ ಮೂವರ ಮುಖವನ್ನೂ ಒಂದಾದ ಮೇಲೊಂದು ನೋಡಿದರು. ಆಮೇಲೆ ಗಂಡನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಅಲ್ರೀ, ನಾ ಹುಡಿಕ್ಕೊಂಡು ಊರೂರು ತಿರಗಬೇಕಂತಿದ್ದೆ. ಎಲ್ಲಾರೂ ಇಲ್ಲೇ ಅದಾರಲ್ಲ."

ಆವತ್ತು ಊಟ ತಡವಾಯಿತು. ಈರುಳ್ಳಿಯಿಂದ ಹಿಡಿದು ಏಣಿಯವರೆಗೆ, ಮನೆಯಲ್ಲಿ ಕಣ್ಣಿಗೆ ಬಿದ್ದ ಪ್ರತಿ ವಸ್ತುವಿಗೂ ಮೂರು ಹೆಸರು ಬರೆದುಕೊಂಡ ಮೇಲೆಯೇ ಅವರು ಎಲೆ ಹಾಕಿದ್ದು. ಹೊರಡುವಾಗ ನನ್ನನ್ನು ನಿಲ್ಲಿಸಿ, "ತಮ್ಮಾ, ನಿನ್ನ ಕಂಪ್ಯೂಟರಿಗೆ ಕನ್ನಡ ಬರ್ತದೇನು?" ಎಂದರು.

"ಬರಲ್ಲ ಅಕ್ಕ."

"ಕಲಸೂದು ಯಾರ ಕೆಲಸ ಮತ್ತ?"

ಮೇಡಂ ಹೋಗಿ ಅಕ್ಕ ಬಂದದ್ದು ಹೀಗೆ. ಆಫೀಸಿನಲ್ಲಿ ಹಳೆಯದಾಯಿತೆಂದು ಮೂಲೆಗೆ ಸರಿಸಿದ್ದ ಒಂದು ಕಂಪ್ಯೂಟರನ್ನೂ ಪ್ರಿಂಟರನ್ನೂ ನಾನು ಕೇಳಿದೆ. ನಮ್ಮ ಸೂಡಾನಿ ಮ್ಯಾನೇಜರು, ಧಾರಾಳದ ಮನುಷ್ಯ, "ಖಲಾಸ್, ಅದರ ಆಯುಸ್ಸು ಮುಗಿದಿದೆ, ಯಲ್ಲಾ, ನಡೆ, ಎತ್ತಿಕೊಂಡು ಹೋಗು" ಎಂದರು. ಅದು ರಾಯರ ಊಟದ ಮೇಜಿನ ಅರ್ಧ ಭಾಗವನ್ನು ಆಕ್ರಮಿಸಿತು. ರಾಯರು ಆವತ್ತಿನಿಂದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟಮಾಡಲು ಕಲಿತರು.

ಆಗಿನ್ನೂ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಕನ್ನಡ ಬಂದಿರಲಿಲ್ಲ. ಯಾರೋ ಬೆಂಗಳೂರಿನಿಂದ ಫ್ಲಾಪಿಯಲ್ಲಿ ತಂದ ಫಾಂಟು ಒಂದು ಯಂತ್ರದಲ್ಲಿ ಮುತ್ತಿನಂಥ ಅಕ್ಷರ ತೋರಿಸಿ, ಇನ್ನೊಂದರಲ್ಲಿ ಕೋಳಿ ಕೆದರಿದ ಹಾಗೆ ಕಾಣುತ್ತಿತ್ತು. ಅದಕ್ಕೇ ನಾನು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ತುಂಬುವ ಉಪಾಯ ಮಾಡಿದೆ. ಲ ಬಂದರೆ ಸಣ್ಣ ಎಲ್, ಳ ಬಂದರೆ ದೊಡ್ಡ ಎಲ್. ಬಹಳ ಬುದ್ಧಿವಂತಿಕೆಯ ಕೆಲಸ ಎಂದು ನನಗೆ ಹೆಮ್ಮೆಯಾಗಿತ್ತು. ಆದರೆ ನಾನು ಬರೆದ ಪ್ರೋಗ್ರಾಂ ಸಣ್ಣದು ದೊಡ್ಡದು ಎಂಬ ಭೇದವೆಣಿಸದ ಸಮತಾವಾದಿ. ಅದು ಹಲ್ಲಿಯನ್ನೂ ಹಳ್ಳಿಯನ್ನೂ ಒಂದೇ ಮಾಡಿ, ಮಂಡ್ಯದ ಕಡೆ ಹಳ್ಳಿಗಳು ಗೋಡೆಯ ಮೇಲೆ ಹರಿದಾಡುತ್ತವೆ ಎಂದು ಮುದ್ರಿಸಿ ಕೊಟ್ಟಿತು. ಅಕ್ಕ ನಗುತ್ತಾ ಕೂತರೆ, ಅದನ್ನು ಸರಿಪಡಿಸಲು ನಾನು ಎರಡು ಶುಕ್ರವಾರ ಒದ್ದಾಡಿದೆ.

ಸುದ್ದಿ ಹಬ್ಬಿತು. ಶುಕ್ರವಾರ ನಮಾಜು ಮುಗಿದ ಮೇಲೆ ಕರಾವಳಿಯ ಅಂಗಡಿಯವರು, ಬೆಂಗಳೂರಿನ ಎಂಜಿನಿಯರುಗಳು, ಹಾಸನದ ನರ್ಸುಗಳು, ಬೀದರಿನ ಡ್ರೈವರುಗಳು ಒಬ್ಬೊಬ್ಬರಾಗಿ ಬರತೊಡಗಿದರು. ಅಕ್ಕ ಒಂದು ಹಣ್ಣನ್ನೋ ಪಾತ್ರೆಯನ್ನೋ ಎತ್ತಿ ತೋರಿಸಿ, "ಇದಕ್ಕ ನಿಮ್ಮ ಕಡೆ ಏನಂತೀರಿ?" ಎನ್ನುವರು. ಒಮ್ಮೆ ಸೀಬೆಹಣ್ಣು ಹಿಡಿದದ್ದೇ ತಡ, ಸೀಬೆ, ಚೇಪೆ, ಪೇರಲ, ಪೇರಳೆ ಎಂದು ನಾಲ್ಕು ಪಕ್ಷಗಳಾಗಿ, ಬೀದರಿನ ಡ್ರೈವರು ಜಾಮ್ ಎಂದು ಐದನೆಯ ಪಕ್ಷ ಕಟ್ಟಿ, ವಾದ ಮುಗಿಯುವಷ್ಟರಲ್ಲಿ ಹಣ್ಣನ್ನು ರಾಯರು ತಿಂದು ಮುಗಿಸಿದ್ದರು. ವರ್ಷಗಟ್ಟಲೆ ಆಫೀಸಿನ ಇಂಗ್ಲಿಷು, ರಸ್ತೆಯ ಹಿಂದಿ, ಅಂಗಡಿಯ ಮಲಯಾಳಂ ಆಡುತ್ತಿದ್ದವರು ತಮ್ಮ ಅಜ್ಜಿ ಬಳಸುತ್ತಿದ್ದ ಒಂದು ಮಾತು ಇದ್ದಕ್ಕಿದ್ದಂತೆ ನಾಲಗೆಗೆ ಬಂದಾಗ ಬೆರಗಾಗಿ ನಿಲ್ಲುತ್ತಿದ್ದರು. ಆ ಮುಖಗಳನ್ನು ದಾಖಲಿಸಿಕೊಳ್ಳಲು ನನ್ನ ಪ್ರೋಗ್ರಾಮಿನಲ್ಲಿ ಜಾಗವಿರಲಿಲ್ಲ.

ಮೊದಲ ನಕ್ಷೆ ಅಚ್ಚಾದ ದಿನ ಮನೆತುಂಬ ಜನ. ಪ್ರಿಂಟರು ಕರ್ರ್ ಕರ್ರ್ ಎಂದು ಚುಕ್ಕಿಗಳಲ್ಲೇ ಕರ್ನಾಟಕವನ್ನು ಬಿಡಿಸುತ್ತಾ ಬಂತು. ಎಲ್ಲರೂ ಉಸಿರು ಬಿಗಿಹಿಡಿದು ನೋಡಿದರು. ಮೈಸೂರು ಮೇಲಿತ್ತು, ಬೀದರ್ ಕೆಳಗಿತ್ತು. ಲೆಕ್ಕವನ್ನು ನಾನು ಕೆಳಗಿನಿಂದ ಮೇಲಕ್ಕೆ ಮಾಡಿದ್ದೆ. ಪ್ರಿಂಟರು ಮೇಲಿನಿಂದ ಕೆಳಕ್ಕೆ ಇಳಿದಿತ್ತು.

"ಕೊನೆಗೂ ನಮ್ಮ ಮೈಸೂರನ್ನ ಎಲ್ಲಿಡಬೇಕೋ ಅಲ್ಲೇ ಇಟ್ಟೆ ಕಣಯ್ಯ," ಎಂದರು ರಾಯರು.

ಅಕ್ಕ ಕಾಗದದ ಮೇಲೆ ಬಗ್ಗಿ ಹುಡುಕಿದರು. "ಧಾರವಾಡಕ್ಕೇನೂ ಆಗಿಲ್ಲ ನೋಡ್ರಿ. ಎಲ್ಲಿತ್ತೋ ಹೆಚ್ಚೂಕಡಿಮಿ ಅಲ್ಲೇ ಅದ."

ಇಷ್ಟು ಉಲ್ಲಾಸದಲ್ಲಿ ನಡೆಯುತ್ತಿದ್ದ ಕೆಲಸಕ್ಕೆ ಒಂದು ದಿನ ಆಫೀಸಿನ ಫ್ಯಾಕ್ಸಿನಲ್ಲಿ ತಡೆ ಬಂತು. ಅಕ್ಕ ಆವರೆಗಿನ ನಕ್ಷೆಗಳನ್ನು ಧಾರವಾಡದ ತಮ್ಮ ಮಾರ್ಗದರ್ಶಕರಿಗೆ ಕಳಿಸಿದ್ದರು. ಕೆಲಸ ಅಚ್ಚುಕಟ್ಟಾಗಿದೆ, ಆದರೆ ಊರು ಬಿಟ್ಟವರ ಮಾತು ಕಲಬೆರಕೆಯದು, ಅದನ್ನು ನಂಬಿ ಜಿಲ್ಲೆಗಳ ನಕ್ಷೆ ಮಾಡಲಾಗದು ಎಂದು ಅವರು ಬರೆದಿದ್ದರು. ತಪ್ಪೇನಿರಲಿಲ್ಲ, ಅದು ಶಾಸ್ತ್ರದ ಮಾತು. ಊರಿಗೆ ಬಂದು ಕ್ಷೇತ್ರಕಾರ್ಯ ಮಾಡುವುದಾದರೆ ಮಾಡಿ, ಇಲ್ಲದಿದ್ದರೆ ನೋಂದಣಿ ರದ್ದಾಗುತ್ತದೆ ಎಂದೂ ಇತ್ತು. ರಾಯರು ಆ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದದ್ದನ್ನು ನೋಡಿದೆ. ಆಮೇಲೆ ಕೆಲವು ಶುಕ್ರವಾರ ನಮಗೆ ಕರೆ ಬರಲಿಲ್ಲ. ಕಂಪ್ಯೂಟರನ್ನು ಮೂಲೆಗೆ ಸರಿಸಿ ಬೆಡ್‌ಶೀಟು ಹೊದಿಸಿದ್ದಾರೆ, ಊಟದ ಮೇಜಿನ ಮೇಲೆ ಊಟಮಾಡುವುದು ಇಷ್ಟು ಬೇಜಾರಿನ ಕೆಲಸ ಅಂತ ಗೊತ್ತಿರಲಿಲ್ಲ ಎಂದು ರಾಯರು ಒಮ್ಮೆ ಹೇಳಿದರು.

ಅಷ್ಟರಲ್ಲಿ ಈದ್ ಬಂತು. ಹಮೀದ ನೇರವಾಗಿ ಫೋನು ಮಾಡಿ, "ಅಕ್ಕ, ಹಬ್ಬದ ಊಟಕ್ಕೆ ನಮ್ಮ ರೂಮಿಗೆ ಬರ್ಬೇಕು. ನಿಮಗೆ ಬೇರೆಯೇ ಪಾತ್ರೆಯಲ್ಲಿ ತರಕಾರಿಯದ್ದೇ ಮಾಡ್ತೇನೆ. ಇಲ್ಲ ಅನ್ಬಾರ್ದು," ಎಂದ. ಬೇಸರದಲ್ಲಿದ್ದರೂ ಅವನ ಮಾತು ತೆಗೆದುಹಾಕಲಾಗದೆ ಅಕ್ಕ ಬಂದರು. ಇದ್ದ ಒಂದೇ ಕುರ್ಚಿಯಲ್ಲಿ ಅವರನ್ನು ಕೂರಿಸಿದೆವು. ರಾಯರು ನನ್ನ ಮಂಚದ ಮೇಲೆ ಕೂತರು. ಅಡುಗೆಯ ಜಾಗವೆಂದರೆ ಪರದೆಯ ಆಚೆಗಿನ ಒಂದು ಮೂಲೆ, ಅಷ್ಟೇ. ಎಣ್ಣೆ ಕಾಯುವ ಸದ್ದಿನ ನಡುವೆ ಅಲ್ಲಿಂದ ಮಾತು ಕೇಳಿಸುತ್ತಿತ್ತು.

"ಬಸಣ್ಣ, ಉಳ್ಳಾಗಡ್ಡಿ ಎಲ್ಲಿಟ್ಟಿದ್ದೀ ಮಾರಾಯ?" ಇದು ಹಮೀದ.

"ಅಲ್ಲೇ ಬುಟ್ಟ್ಯಾಗ ನೀರುಳ್ಳಿ ಉಂಟಲ್ಲ, ಕಣ್ಣು ಕಾಣೂದಿಲ್ಲೇನು?" ಇದು ಬಸವರಾಜ.

ನನಗೇನೂ ಅನ್ನಿಸಲಿಲ್ಲ, ದಿನವೂ ಕೇಳುವ ಮಾತು. ಅಕ್ಕ ಮಾತ್ರ ಕುರ್ಚಿಯಿಂದ ಎದ್ದೇಬಿಟ್ಟರು. ಹೋಗಿ ಪರದೆ ಸರಿಸಿ, "ಹಮೀದ, ಈಗ ಏನಂದಿ?" ಎಂದರು.

"ಎಂತ ಅಕ್ಕ? ಎಂತದೂ ಹೇಳ್ಲಿಲ್ಲ."

"ಉಳ್ಳಾಗಡ್ಡಿ ಅಂದ್ಯಲ್ಲ. ನಾ ಕೇಳಿದಾಗ ನೀರುಳ್ಳಿ ಅಂತ ಬರಸಿದ್ದಿ."

"ನಾನು ಉಳ್ಳಾಗಡ್ಡಿ ಅಂದೆನಾ? ಇಲ್ಲಪ್ಪ. ನಾವು ನೀರುಳ್ಳಿ ಅನ್ನುದು," ಎಂದ ಹಮೀದ, ಆಣೆ ಮಾಡುವವನ ಹಾಗೆ. ಬಸವರಾಜನೂ ಅಷ್ಟೇ ಖಡಾಖಂಡಿತವಾಗಿ, ತಾನು ಹುಟ್ಟಿದಂದಿನಿಂದ ಉಳ್ಳಾಗಡ್ಡಿ ಬಿಟ್ಟು ಬೇರೆ ಅಂದಿಲ್ಲ ಎಂದ.

ಅಕ್ಕ ನಗಲು ತೊಡಗಿದರು. ಫ್ಯಾಕ್ಸು ಬಂದ ಮೇಲೆ ಅವರು ನಕ್ಕದ್ದನ್ನು ನಾವು ನೋಡಿರಲಿಲ್ಲ. ಆ ಇಬ್ಬರೂ ಒಂದೇ ಒಲೆಯ ಮುಂದೆ ವರ್ಷಗಟ್ಟಲೆ ನಿಂತು, ಇನ್ನೊಬ್ಬನಿಗೆ ಮತ್ತೆ ಕೇಳುವ ಕಷ್ಟ ಬೇಡವೆಂದು ಅವನ ಮಾತನ್ನೇ ಆಡಿ ಆಡಿ, ತಮಗೇ ತಿಳಿಯದ ಹಾಗೆ ಪದಗಳನ್ನು ಅದಲುಬದಲು ಮಾಡಿಕೊಂಡಿದ್ದರು. ಊಟಕ್ಕೆ ಕೂತಾಗ ಅಕ್ಕ ಹೇಳಿದರು: "ಸರ್ ಕಲಬೆರಕಿ ಅಂದ್ರು. ಖರೇನ. ಇನ್ನ ಮ್ಯಾಲೆ ನಾ ಆ ಕಲಬೆರಕೀನ ಬರಿಯಾಕಿ. ತಮ್ಮಾ, ನಾಳಿಗೇ ಒಂದು ಹೊಸ ಕಾಲಂ ಹಾಕು. ಊರು ಯಾವುದು ಅಂತ ಆತು. ಈಗ ಯಾರ ಜೋಡಿ ಉಣ್ತಾರ ಅಂತ ಬೇಕು."

ಮತ್ತೆ ಶುಕ್ರವಾರಗಳು ಬಂದವು. ಈ ಸಲ ಹಣ್ಣು ತೋರಿಸಿ ಹೆಸರು ಕೇಳುವುದಿಲ್ಲ. ಒಟ್ಟಿಗೆ ವಾಸಿಸುವವರನ್ನು ಒಟ್ಟಿಗೇ ಕರೆದು, ಅಡುಗೆಗೆ ಹಚ್ಚಿ, ಪಕ್ಕದಲ್ಲಿ ಕ್ಯಾಸೆಟ್ ರೆಕಾರ್ಡರ್ ಇಡುವುದು. ಅಲ್ಲಿಯ ಮಾತು ಮುಂದೆ ಪುಸ್ತಕಕ್ಕೆ ಹೋಗುತ್ತದೆ ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆದಿದ್ದರೂ, ಎಣ್ಣೆಗೆ ಸಾಸಿವೆ ಬಿದ್ದ ಮೇಲೆ ಯಾರಿಗೂ ಅದರ ನೆನಪು ಇರುತ್ತಿರಲಿಲ್ಲ. ನಾನು ಎಲ್ಲವನ್ನೂ ತುಂಬಿ, ಜಿಲ್ಲೆಯ ಬದಲು ಅಡುಗೆಮನೆಯ ಪ್ರಕಾರ ವಿಂಗಡಿಸಿ ಅಚ್ಚುಹಾಕಿದೆ. ಜಿಲ್ಲೆಯ ನಕ್ಷೆಯಲ್ಲಿ ದಿಕ್ಕಾಪಾಲಾಗಿ ಚೆದುರಿದ್ದ ಪದಗಳು ಇಲ್ಲಿ ಪಂಕ್ತಿಗೆ ಕೂತ ಹಾಗೆ ಗುಂಪುಗುಂಪಾಗಿ ಕೂತಿದ್ದವು. ಹಾಸನದ ಒಬ್ಬ ನರ್ಸ್ ಕೇರಳದ ಗೆಳತಿಯರ ಜೊತೆ ಉಂಡುಂಡು ಈರುಳ್ಳಿಗೆ ಅವರ ಹಾಗೆ ಉಳ್ಳಿ ಎನ್ನುತ್ತಿದ್ದರು. ಅಷ್ಟೇ ಏಕೆ, ರಾಯರು ಹೆಂಡತಿಯ ಹಾಗೆ "ಹೌದಲ್ಲ ಮತ್ತ" ಎನ್ನುತ್ತಿದ್ದರು. ಅವರು ಅದನ್ನು ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ.

ರಜೆಗೆ ಊರಿಗೆ ಹೋದಾಗ ಅಕ್ಕ ಆ ಹಾಳೆಗಳ ಹೊರೆಯನ್ನು ಮಾರ್ಗದರ್ಶಕರ ಮುಂದಿಟ್ಟರಂತೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಒಯ್ದು, ನಿಂತುಕೊಂಡೇ ಬಹಳ ಹೊತ್ತು ಓದಿದರಂತೆ. ಆಮೇಲೆ ಕನ್ನಡಕ ತೆಗೆದು, "ಈ ಹಮೀದ ಅನ್ನಾಂವ ಯಾರು?" ಎಂದು ಕೇಳಿದರಂತೆ.

"ನನ್ನ ಅರ್ಧ ಥೀಸಿಸ್ ರೀ ಸರ್," ಎಂದರಂತೆ ಅಕ್ಕ.

ವಿಷಯದ ಶೀರ್ಷಿಕೆ ಬದಲಾಯಿತು, ಅವಧಿ ವಿಸ್ತರಣೆಯಾಯಿತು. ಮುಂದೆ ಪದವಿ ಬಂದ ದಿನ ರಾಯರು ನನ್ನ ಮೇಜಿನ ಹತ್ತಿರ ಬಂದು, "ಇನ್ಮೇಲೆ ಡಾಕ್ಟರ್ ವಸುಮತಿ ಅನ್ಬೇಕಂತೆ ಕಣಯ್ಯ," ಎಂದು ಹೇಳಿ, ಮುಖ ತೋರಿಸದೆ ಬೇಗ ಬೇಗ ಹೋಗಿಬಿಟ್ಟರು. ಆ ಶುಕ್ರವಾರ ನಮ್ಮ ಟೈಲರ್ ಅಂಗಡಿಯ ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ಕಾಗದ ಹಾಸಿ, ಅಷ್ಟೂ ಅಡುಗೆಮನೆಯವರು ಒಟ್ಟಿಗೆ ಕೂತು ಉಂಡೆವು. ಹಮೀದ ಎಲ್ಲರಿಗೂ ತಾನೇ ಬಡಿಸಿದ. ಅವನೀಗ ಪುತ್ತೂರಿನಲ್ಲಿ ಸ್ವಂತ ಅಂಗಡಿ ಇಟ್ಟಿದ್ದಾನೆ. ಅಕ್ಕನ ಪುಸ್ತಕ ಅವನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇದೆ. ಒಳಗೆ ಏನು ಬರೆದಿದ್ದರೂ ತಾನು ನೀರುಳ್ಳಿ ಅನ್ನುವವನೇ ಎಂದು ಗಿರಾಕಿಗಳಿಗೆ ಹೇಳುತ್ತಾನೆ.

ಬ್ಯಾಂಕಿನಿಂದ ಮನೆಗೆ ಬಂದವನೇ ಅಕ್ಕನಿಗೆ ಫೋನು ಮಾಡಿದೆ. ಕಾಲೇಜಿನ ಕೆಲಸದಿಂದ ನಿವೃತ್ತರಾಗಿ ಧಾರವಾಡದಲ್ಲಿದ್ದಾರೆ, ಸುಮ್ಮನೆ ಕೂತಿಲ್ಲ. "ನಾವು ಮಾಡಿದ್ದಕ್ಕ ಈಗೊಂದು ಹೆಸರು ಬಂದದ ತಮ್ಮಾ, ಡಿಜಿಟಲ್ ಹ್ಯುಮ್ಯಾನಿಟೀಸ್ ಅಂತ. ಆವಾಗ ನಾವು ಶುಕ್ರವಾರದ ಊಟ ಅಂತಿದ್ವಿ," ಎಂದರು. ನಮ್ಮ ಫ್ಲಾಪಿಗಳನ್ನು ಈಗ ಯಾವ ಯಂತ್ರವೂ ಓದುವುದಿಲ್ಲ. ಅಂಚಿಗೆ ತೂತುಗಳಿದ್ದ ಆ ಹಾಳೆಗಳು ಮಾತ್ರ ಮಸುಕಾದರೂ ಉಳಿದುಕೊಂಡು, ಈಚೆಗೆ ಅವರ ವಿದ್ಯಾರ್ಥಿಗಳ ಕೈಯಲ್ಲಿ ಮತ್ತೆ ಕಂಪ್ಯೂಟರು ಸೇರಿವೆ. ಇನ್ನು ಮುಂದೇನು ಎಂದು ಕೇಳಿದೆ. ದೋಹಾದ ಹತ್ತಿರ ಅಲ್ ವುಕೈರ್‌ನಲ್ಲಿ ಶಾಹೀನ್ ಎಂಬ ಟೀಚರು, ಅಕ್ಕನ ಶಿಷ್ಯೆ, ಅಲ್ಲೇ ಬೆಳೆಯುತ್ತಿರುವ ನಮ್ಮವರ ಮಕ್ಕಳ ಕನ್ನಡವನ್ನು ಸಂಗ್ರಹಿಸುತ್ತಿದ್ದಾಳಂತೆ. ಈಗಿನ ಯಂತ್ರ ತಾನೇ ಕೇಳಿ ತಾನೇ ಬರೆದುಕೊಳ್ಳುತ್ತದಂತೆ. ಅಷ್ಟೆಲ್ಲ ಬಂದರೂ, ಆ ಮಕ್ಕಳ ಮಾತು ಬಂದಲ್ಲಿ ತಪ್ಪು ಎಂದು ಕೆಂಪು ಗೆರೆ ಎಳೆಯುತ್ತದಂತೆ.

"ಆ ಮಕ್ಕಳಿಗೆ ಕನ್ನಡ ಎಲ್ಲಿ ಬರುತ್ತೆ ಅಕ್ಕ?" ಎಂದೆ, ವಯಸ್ಸಾದವರ ಧಾಟಿಯಲ್ಲಿ.

ಅಕ್ಕ ಉತ್ತರವಾಗಿ ಒಂದು ಧ್ವನಿಮುದ್ರಣ ಕಳಿಸಿದರು. ಒಂದನೆಯ ಕ್ಲಾಸಿನ ಹುಡುಗಿ. ತಾಯಿ ಉಡುಪಿಯವರು, ತಂದೆ ಬಳ್ಳಾರಿಯವರು. ಶಾಹೀನ್ ಒಂದು ಚಿತ್ರ ತೋರಿಸಿ ಕೇಳುತ್ತಾಳೆ. ಮರುಭೂಮಿಯಿಂದ ಧೂಳು ಎದ್ದು ಊರನ್ನೇ ಮುಚ್ಚುತ್ತದಲ್ಲ, ಆ ಚಿತ್ರ. ಹುಡುಗಿ ಸ್ವಲ್ಪ ಯೋಚಿಸಿ, "ಇದು ಮಣ್ಣುಮಳೆ," ಎನ್ನುತ್ತದೆ. ಯಾರು ಹೇಳಿಕೊಟ್ಟರು ಎಂದರೆ, "ಯಾರೂ ಇಲ್ಲ, ಅದು ಬರುವಾಗ ನಾವು ಹಾಗೇ ಹೇಳೋದು," ಎನ್ನುತ್ತದೆ.

"ಇದನ್ನ ಯಾವ ಜಿಲ್ಲಾಕ್ಕ ಹಾಕ್ತಿ ಹೇಳು ತಮ್ಮಾ," ಎಂದು ಕೇಳಿದರು ಅಕ್ಕ. ಆ ಹುಡುಗಿಯ ಮಾತನ್ನು ಮತ್ತೆ ಮತ್ತೆ ಹಾಕಿ ಕೇಳಿದೆ.

ಸಂಜೆ ನಮ್ಮ ಬೀದಿಯಲ್ಲಿ ಪೈಪು ಹಾಕಲು ಅಗೆದಿದ್ದ ಮಣ್ಣಿನ ಗುಡ್ಡೆಯ ಮೇಲೆ ಜೋರು ಗಾಳಿ ಬೀಸಿತು. ನಾನು ಕೂತಲ್ಲಿಂದಲೇ ಒಳಗೆ ಕೂಗಿ ಹೇಳಿದೆ: "ಕಿಟಕಿ ಹಾಕೇ, ಮಣ್ಣುಮಳೆ ಬರ್ತಿದೆ."

ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಹಾಗೆಂದರೇನು ಎಂದು ಕೇಳಲಿಲ್ಲ. ಕಿಟಕಿ ಮುಚ್ಚಿ, ಹಿತ್ತಲಿನ ಕಡೆ ಹೋಗಿ ಪಕ್ಕದ ಮನೆಯಾಕೆಗೆ ಹೇಳುತ್ತಿದ್ದುದು ನನಗೆ ಕೇಳಿಸಿತು: "ರೀ, ಬಟ್ಟೆ ತೆಕ್ಕೊಳ್ರಿ. ಮಣ್ಣುಮಳೆ ಬರ್ತಾ ಇದೆ."