ಓಡಬಹುದೇ ಎಂದು ನಾನು ಕೇಳಿದ್ದೆ

ಸೆಪ್ಟೆಂಬರಿನಲ್ಲಿ ಆರೋಗ್ಯ ಕೇಂದ್ರದವರು ಬಂದು ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರ ಬಿಪಿ ನೋಡಿದರು. ನನ್ನದು ನೂರ ಅರವತ್ತೆಂಟು, ಕೆಳಗಿನದು ನೂರ ನಾಲ್ಕು.

ನಾನು ನಕ್ಕುಬಿಟ್ಟೆ.

ಅಲ್ಲಿದ್ದವರಲ್ಲಿ ಬೆಳಿಗ್ಗೆ ಎದ್ದು ನದಿಬಾಗ ಕಡಲತೀರದ ಮರಳಿನ ಮೇಲೆ ಓಡುವವಳು ನಾನೊಬ್ಬಳೇ. ಅಂಕೋಲೆಯ ಈ ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷದಿಂದ ದೈಹಿಕ ಶಿಕ್ಷಕಿ, ಹುಡುಗಿಯರ ಕಬಡ್ಡಿ ತಂಡ ಕಟ್ಟಿದವಳು. ವಯಸ್ಸು ನಲವತ್ತಮೂರು, ಮೈಯಲ್ಲಿ ಬೊಜ್ಜಿಲ್ಲ. ಒಂದು ತಿಂಗಳಿಂದ ಬೆಳಗಿನ ಹೊತ್ತು ತಲೆಯ ಹಿಂಭಾಗ ಭಾರವಾಗುತ್ತಿದ್ದುದು ನಿಜ. ಕನ್ನಡಕದ ನಂಬರು ಬದಲಾಗಿರಬೇಕು ಎಂದುಕೊಂಡಿದ್ದೆ.

ಎರಡು ದಿನ ಬಿಟ್ಟು ಪೇಟೆಯ ಡಾಕ್ಟರ ಹತ್ತಿರ ಹೋದೆ. ಅಲ್ಲೂ ಹೆಚ್ಚುಕಡಿಮೆ ಅದೇ ಅಂಕಿ. ಅಪ್ಪನಿಗೂ ಬಿಪಿ ಇತ್ತೆಂದು ಹೇಳಿದೆ. ಅವರು ತಲೆ ಎತ್ತದೆ ಚೀಟಿ ಬರೆದರು. ಅಟೆನೊಲಾಲ್, ದಿನಕ್ಕೊಂದು. ಉಪ್ಪಿನಕಾಯಿ ಬಂದ್, ಒಣಮೀನು ಬಂದ್.

ನಾನು ಕೇಳಿದೆ, "ಡಾಕ್ಟರೇ, ನಾನು ಪಿ.ಟಿ. ಟೀಚರ್. ದಿನಾ ಓಡ್ತೇನೆ. ಈ ಗುಳಿಗೆ ತಕಂಡು ಓಡಬಹುದಾ?"

"ಮಾಡಿ, ಮಾಡಿ. ವ್ಯಾಯಾಮ ಒಳ್ಳೇದೇ."

ಅಷ್ಟರಲ್ಲಿ ಮುಂದಿನವರ ಹೆಸರು ಕರೆದಾಗಿತ್ತು.

ಈ ಮಾತನ್ನು ಆಮೇಲೆ ಎಷ್ಟು ಸಲ ಮನಸ್ಸಿನಲ್ಲಿ ತಿರುವಿ ಹಾಕಿದೆನೋ ಲೆಕ್ಕವಿಲ್ಲ. ಅವರು ಸುಳ್ಳು ಹೇಳಿರಲಿಲ್ಲ. ವ್ಯಾಯಾಮ ಒಳ್ಳೆಯದೇ. ಆದರೆ ನಾನು ಕೇಳಿದ್ದು ಅದನ್ನಲ್ಲ.

ಗುಳಿಗೆ ಶುರುವಾಗಿ ಹದಿನೈದು ದಿನಕ್ಕೆ ನನ್ನ ಕಾಲು ನನ್ನದಲ್ಲ ಅನಿಸತೊಡಗಿತು. ಶಾಲೆಯ ಮೈದಾನದ ಗಟ್ಟಿ ನೆಲದ ಮೇಲೆ ಓಡುತ್ತಿದ್ದರೂ ಹಸಿ ಮರಳಿನಲ್ಲಿ ಹೂತುಹೋದ ಹಾಗೆ. ಓಟ ನಿಲ್ಲಿಸಿದ ಕೂಡಲೇ ಮಣಿಕಟ್ಟು ಹಿಡಿದು ಹತ್ತು ಸೆಕೆಂಡು ನಾಡಿ ಎಣಿಸಿ ಆರರಿಂದ ಗುಣಿಸಬೇಕು ಎಂದು ನಮಗೆ ತರಬೇತಿಯಲ್ಲಿ ಕಲಿಸಿದ್ದಾರೆ. ನನ್ನದು ಯಾವಾಗಲೂ ನೂರೈವತ್ತರ ಹತ್ತಿರ ಬರುತ್ತಿತ್ತು. ಈಗ ನೂರಾ ಎಂಟು. ಇನ್ನೆರಡು ಸುತ್ತು ಓಡಿದೆ. ಮತ್ತೆ ನೂರಾ ಎಂಟೇ. ಏದುಸಿರು ಮಾತ್ರ ಗಂಟಲಿಗೆ ಬಂದಿತ್ತು.

ಸೋಮಾರಿಯಾಗಿದ್ದೇನೆ ಎಂದುಕೊಂಡೆ. ಹಾಗೆಂದುಕೊಂಡು ಇನ್ನಷ್ಟು ಓಡಿದೆ. ಆ ನೂರೈವತ್ತನ್ನು ಮುಟ್ಟಲೇಬೇಕೆಂದು ತಿಂಗಳುಗಟ್ಟಲೆ ನನ್ನನ್ನೇ ನಾನು ಹಿಂಸಿಸಿದೆ. ಆ ಅಂಕಿ ಬರದಂತೆ ತಡೆಯುವುದೇ ಗುಳಿಗೆಯ ಕೆಲಸ ಎಂದು ಒಬ್ಬರಾದರೂ ಹೇಳಬೇಕಿತ್ತು.

ಗಂಡ ರಮಾಕಾಂತ ಅಂಚೆ ಕಚೇರಿಯಲ್ಲಿದ್ದಾರೆ. ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚಲಾಗದೆ ಒದ್ದಾಡುತ್ತಿದ್ದ ನನ್ನನ್ನು ನೋಡಿ ಅಂದರು, "ಸಾಕು ಬಿಡೇ ವಿಮಲಾ. ವಯಸ್ಸಾಯ್ತು. ಇನ್ನೂ ಹುಡ್ಗಿ ಅಂದ್ಕಂಡಿದ್ಯಾ?"

ಅವತ್ತು ರಾತ್ರಿ ಊಟ ಮಾಡಲಿಲ್ಲ ನಾನು.

ಫೆಬ್ರವರಿಯಲ್ಲಿ ಬಿಪಿ ಇನ್ನೂ ಇಳಿದಿಲ್ಲವೆಂದು ಡಾಕ್ಟರು ಎರಡನೆಯ ಗುಳಿಗೆ ಸೇರಿಸಿದರು. ಮೂತ್ರ ಹೆಚ್ಚು ಹೋಗುವಂತೆ ಮಾಡುವಂಥದ್ದು. ಈ ಸಲ ನಾನು ಏನೂ ಕೇಳಲಿಲ್ಲ. ಕೇಳಿ ಪ್ರಯೋಜನವೇನು ಎಂಬ ಸಿಟ್ಟು ಆಗಲೇ ಶುರುವಾಗಿತ್ತು.

ಮೇ ತಿಂಗಳಲ್ಲಿ ಕಾರವಾರದಲ್ಲಿ ದೈಹಿಕ ಶಿಕ್ಷಕರಿಗೆ ತರಬೇತಿ ಇಟ್ಟರು. ಮೇ ತಿಂಗಳ ಕಾರವಾರದ ಬಿಸಿಲು, ಸಮುದ್ರದ ಉಪ್ಪುಗಾಳಿ, ಮೈಗೆ ಅಂಟಿಕೊಂಡ ಬಟ್ಟೆ. ಮೈದಾನದಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಓಟದ ಪರೀಕ್ಷೆ. ಅಲ್ಲಿ ಹೆಂಗಸರಿಗೆ ಶೌಚಾಲಯದ ವ್ಯವಸ್ಥೆಯೇ ಇರಲಿಲ್ಲ. ಅದಕ್ಕೇ ನಾನು ಬೆಳಗಿನಿಂದ ನೀರು ಕುಡಿದಿರಲಿಲ್ಲ.

ಎಂಟನೆಯ ಸುತ್ತಿನಲ್ಲಿ ತರಬೇತಿ ಕೊಡುವವರು ಕೂಗಿದರು, "ಅಂಕೋಲೆಯವ್ರು ಹಿಂದೆ ಬಿದ್ರು ನೋಡಿ." ನಾನು ವೇಗ ಹೆಚ್ಚಿಸಿದೆ. ಹತ್ತನೆಯ ಸುತ್ತು ಮುಗಿಯುತ್ತಿದ್ದಂತೆ ಸೀಟಿ ಊದಿ, "ಇದ್ದಲ್ಲೇ ನಿಂತು ನಾಡಿ ಹಿಡೀರಿ" ಎಂದರು.

ನಿಂತೆ.

ಮೈದಾನದ ಕೆಂಪು ಮಣ್ಣು ಎದ್ದು ನನ್ನ ಮುಖಕ್ಕೆ ಬಂತು.

ಎದುರಿನ ಹಲ್ಲು ಅರ್ಧ ಮುರಿಯಿತು. ಎಡ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಯಾರೋ ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಡ್ಯೂಟಿಯಲ್ಲಿದ್ದ ಹುಡುಗ ಡಾಕ್ಟರ್ ಪ್ಲಾಸ್ಟರ್ ಹಾಕಿ, "ಉಪವಾಸ ಗಿಪವಾಸ ಇದ್ರಾ?" ಎಂದು ಕೇಳಿದ. ಯಾವ ಗುಳಿಗೆ ತೆಗೆದುಕೊಳ್ಳುತ್ತೀರಿ ಎಂದು ಕೇಳಲಿಲ್ಲ. ತರಬೇತಿಯ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ 'ಅನ್‌ಫಿಟ್' ಎಂದು ಬರೆದರು.

ಮನೆಗೆ ಬಂದವಳೇ ಎರಡೂ ಗುಳಿಗೆಗಳ ಹಾಳೆಗಳನ್ನು ಬಚ್ಚಲ ಒಲೆಗೆ ಹಾಕಿದೆ. ಬಿಪಿ ನನಗೇನೂ ಮಾಡಿರಲಿಲ್ಲ, ಹಾಳು ಮಾಡಿದ್ದು ಗುಳಿಗೆ ಎನ್ನುವುದು ನನ್ನ ಲೆಕ್ಕ. ಮೊದಲ ದಿನ ಮೈ ಹಗುರಾಯಿತು. ಎರಡನೆಯ ದಿನವೂ. ಗೆದ್ದೆ ಅಂದುಕೊಂಡೆ.

ನಾಲ್ಕನೆಯ ದಿನ ಮಧ್ಯಾಹ್ನ ಒಂದೇ ಕೈಯಲ್ಲಿ ಅನ್ನ ಬಸಿಯುವಾಗ ಎದೆ ಡಬಡಬ ಹೊಡೆದುಕೊಳ್ಳತೊಡಗಿತು. ಕಿವಿಯಲ್ಲೂ ಅದೇ ಸದ್ದು. ಪಾತ್ರೆ ಕೆಳಗಿಡಲಾಗಲಿಲ್ಲ. ರಮಾಕಾಂತ ಪಕ್ಕದ ಮನೆಯವರ ಜೀಪಿನಲ್ಲಿ ಕಾರವಾರಕ್ಕೆ ಹೊರಡಿಸಿದರು. ಅರ್ಗಾದಲ್ಲಿ ನೌಕಾನೆಲೆಯ ಗೋಡೆ ಮುಗಿಯುವುದೇ ಇಲ್ಲವೇನೋ ಅನಿಸಿತು. ದಾರಿಯುದ್ದಕ್ಕೂ ಅವರು ನನ್ನ ಪ್ಲಾಸ್ಟರ್ ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು.

ಆಸ್ಪತ್ರೆಯಲ್ಲಿ ನೋಡಿದಾಗ ಬಿಪಿ ನೂರ ತೊಂಬತ್ತಾರು, ನೂರಾ ಹದಿನಾಲ್ಕು.

ಇಸಿಜಿ ತೆಗೆದು ಅಡ್ಮಿಟ್ ಮಾಡಿದರು. ಅಲ್ಲಿದ್ದ ಡಾಕ್ಟರಮ್ಮ ಐವತ್ತು ದಾಟಿದವರು, ಸದಾಶಿವಗಡದ ಕಡೆಯವರು. ಮೊದಲು ಬೈದರು. "ಈ ಗುಳಿಗೆ ಒಮ್ಮೆಲೇ ಬಿಟ್ರೆ ಹಾರ್ಟು ಹುಚ್ಚೆದ್ದು ಓಡ್ತದೆ ಬಾಯೋರೇ. ಅಟ್ಯಾಕೇ ಆಗ್ಬಹುದಾಗಿತ್ತು. ಹೇಳಿರ್ಲಿಲ್ವಾ ಯಾರೂ?"

"ಇಲ್ಲ."

ಅವರು ಪೆನ್ನು ಕೆಳಗಿಟ್ಟರು. ಸ್ಟೂಲು ಎಳೆದುಕೊಂಡು ಕೂತು, ನನ್ನ ದಿನ ಹೇಗೆ ಶುರುವಾಗುತ್ತದೆ ಎಂದು ಕೇಳಿದರು. ಎಂಟು ತಿಂಗಳಲ್ಲಿ ಯಾವ ಡಾಕ್ಟರೂ ಕೇಳದ ಪ್ರಶ್ನೆ. ನನಗೆ ಅಳು ಬಂತು. ಅಳು ಬಂದದ್ದಕ್ಕೂ ಸಿಟ್ಟು ಬಂತು.

ಮೂರನೆಯ ದಿನ ಬಿಪಿ ಇಳಿದ ಮೇಲೆ ಡಾಕ್ಟರಮ್ಮ ಆಸ್ಪತ್ರೆಯ ಪಡಸಾಲೆಯಲ್ಲಿ ನನ್ನ ಜೊತೆ ತಾವೂ ನಡೆದರು. ನಡೆಯುತ್ತಲೇ ನನ್ನ ಕಬಡ್ಡಿ ಹುಡುಗಿಯರ ವಿಷಯ ಕೇಳುತ್ತಿದ್ದರು. ನಾನು ಹೇಳುತ್ತಾ ಹೋದೆ. ಬಿರುಸು ಹೆಚ್ಚಿಸಿ ಎಂದರು. ಒಂದು ಕಡೆ ವಾಕ್ಯದ ನಡುವೆ ಉಸಿರು ಎಳೆದುಕೊಳ್ಳಬೇಕಾಯಿತು.

"ಇದೇ ನಿಮ್ಮ ಗಡಿ," ಎಂದರು. "ಇನ್ನು ಮೇಲೆ ನಾಡಿ ಎಣಿಸ್ಬೇಡಿ. ಮಾತಾಡೂಕೆ ಆಗ್ತದ್ಯಾ ನೋಡಿ. ಆಗ್ದಿದ್ರೆ ಜೋರಾಯ್ತು ಅಂತ ತಿಳ್ಕಳ್ಳಿ."

ನಾನು ನಿಲ್ಲಹೋದೆ. ತೋಳು ಹಿಡಿದು ಮುಂದಕ್ಕೆ ನಡೆಸಿದರು. "ನಿಲ್ಬೇಡಿ. ಓಡಿದವ್ರು ಒಮ್ಮೆಲೇ ನಿಂತ್ರೆ ರಕ್ತ ಕಾಲಲ್ಲೇ ಉಳೀತದೆ. ಮೇಲಿಂದ ಬಿಸ್ಲು, ನೀರಿಲ್ಲ, ನೀರಿಳಿಸೋ ಗುಳಿಗೆ ಬೇರೆ. ಬೀಳದೆ ಇನ್ನೆಂತ ಮಾಡ್ತೀರಿ? ಹತ್ತು ನಿಮಿಷ ನಡೀತಾ ನಡೀತಾ ತಣ್ಣಗಾಗ್ಬೇಕು."

ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಒಂದು ನಿಮಿಷ ಅಂಚಿನಲ್ಲಿ ಕೂರಬೇಕು, ಉಸಿರು ಬಿಗಿಹಿಡಿದು ಭಾರ ಎತ್ತಬಾರದು ಎಂದರು. ಅಟೆನೊಲಾಲನ್ನು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಿ ಬೇರೆ ಗುಳಿಗೆಗೆ ಬದಲಿಸಿದರು. ಇಷ್ಟೆಲ್ಲ ಹೇಳುವುದಕ್ಕೆ ಅವರು ತೆಗೆದುಕೊಂಡದ್ದು ಕಾಲು ಗಂಟೆ. ಅಷ್ಟನ್ನು ಯಾರೂ ಕೊಡದೇ ಇದ್ದದ್ದಕ್ಕೆ ಒಂದು ಹಲ್ಲು, ಒಂದು ಮೂಳೆ ಹೋಯಿತು. ಹತ್ತೊಂಬತ್ತು ವರ್ಷದ ಹೆಸರಿನ ಮೇಲೆ 'ಅನ್‌ಫಿಟ್' ಬಿತ್ತು.

ಇಷ್ಟು ಬರೆದ ಮೇಲೆ ನನ್ನದನ್ನೂ ಬರೆಯಬೇಕು. ತಲೆ ಸುತ್ತುತ್ತದೆ ಎಂದ ಹುಡುಗಿಯರಿಗೆ 'ನಾಟಕ ಸಾಕು' ಎಂದಿದ್ದೇನೆ. ನೀರು ಕೇಳಿದವರಿಗೆ ಆಟ ಮುಗಿದ ಮೇಲೆ ಎಂದಿದ್ದೇನೆ. ಎಷ್ಟು ಜನರಿಗೆ ಎಂದು ನೆನಪಿಲ್ಲ. ಆ ಹುಡುಗಿಯರಿಗೆ ನೆನಪಿರುತ್ತದೆ.

ಪ್ಲಾಸ್ಟರ್ ಬಿಚ್ಚಿದ ವಾರ ಅಂಕೋಲೆಯ ಡಾಕ್ಟರ ಹತ್ತಿರ ಹೋದೆ. ರಮಾಕಾಂತ ಬೇಡವೆಂದರು. "ಊರಲ್ಲಿ ನಾಳೆ ಬೇಕಾಗುವವ್ರು. ಜಗಳ ಎಂತಕ್ಕೆ?" ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ನಡೆದದ್ದನ್ನೆಲ್ಲ ಅವರ ಮೇಜಿನ ಎದುರು ಹೇಳಿದೆ. ಅವರ ಮುಖ ಕೆಂಪಾಯಿತು.

"ಎಲ್ಲಾ ಪೇಷಂಟೂ ನಿಮ್ ಹಾಗೆ ಓಡೂದಿಲ್ರಿ," ಎಂದರು. "ಇದಾಗ್ತದೆ ಅದಾಗ್ತದೆ ಅಂತ ಎಲ್ಲಾ ಹೇಳ್ತಾ ಕೂತ್ರೆ ಹೆದ್ರಿ ಗುಳಿಗೆ ಬಿಟ್ಬಿಡ್ತಾರೆ."

"ನೀವು ಹೇಳ್ಲಿಲ್ಲ. ಅದಕ್ಕೇ ನಾನು ಬಿಟ್ಟೆ."

ಅವರು ಕ್ಷಮೆ ಕೇಳಲಿಲ್ಲ. ನಾನು ಎದ್ದು ಬಂದೆ.

ಹೊರಗೆ ಬೆಂಚಿನ ಮೇಲೆ ಹಾರವಾಡದ ಮೀನು ಮಾರುವ ಹೆಂಗಸೊಬ್ಬಳು ಕೂತಿದ್ದಳು. ಬುಟ್ಟಿ ಕಾಲಬುಡದಲ್ಲಿತ್ತು. ಒಳಗಿನ ಮಾತು ಅವಳಿಗೆ ಕೇಳಿಸಿತ್ತು.

"ಅಕ್ಕೋರೇ, ಆ ನೀರಿನ ಗುಳಿಗೆ ನಂಗೂ ಕೊಟ್ಟಾರೆ. ಬುಟ್ಟಿ ಇಳ್ಸಿ ನಿಂತ್ರೆ ಕಣ್ಣು ಕತ್ಲೆ ಬರ್ತದೆ. ಮೊನ್ನೆ ಬಸ್‌ಸ್ಟ್ಯಾಂಡಿನಾಗೆ ಬಿದ್ದೇ ಹೋಗಿದ್ದೆ. ಬಿಟ್ಬಿಡ್ಲಾ?"

"ಬಿಡಬೇಡ," ಎಂದೆ. ನನಗೇ ಅಚ್ಚರಿಯಾಗುವಷ್ಟು ಗಟ್ಟಿಯಾಗಿ. "ಒಳಗೆ ಇದನ್ನೇ ಹೇಳು."

"ನಾ ಹೇಳಿದ್ರೆ ಅವ್ರು ಕೇಳ್ತ್ರಾ?"

ಅವಳ ಹೆಸರು ಕರೆದರು. ಅವಳ ಜೊತೆ ನಾನೂ ಒಳಗೆ ಹೋದೆ. ಡಾಕ್ಟರು ನನ್ನನ್ನು ನೋಡಿದರು. ನಾನು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತೆ. ಅವಳು ಬುಟ್ಟಿಯ ವಿಷಯ, ಬಿಸಿಲಿನ ವಿಷಯ, ಬಿದ್ದ ವಿಷಯ ಹೇಳಿದಳು. ಅವರು ಅವಳನ್ನು ಮಲಗಿಸಿ ಬಿಪಿ ನೋಡಿದರು, ನಿಲ್ಲಿಸಿ ನೋಡಿದರು. ನಿಂತಾಗ ತೀರಾ ಇಳಿದಿತ್ತು. ಗುಳಿಗೆ ಅರ್ಧ ಮಾಡಿದರು. ಎಷ್ಟು ನೀರು ಕುಡಿಯಬೇಕು, ಬುಟ್ಟಿ ಇಳಿಸಿದ ಮೇಲೆ ನೆರಳಲ್ಲಿ ಎಷ್ಟು ಹೊತ್ತು ಕೂರಬೇಕು ಎಂದು ನಿಧಾನವಾಗಿ, ಎರಡೆರಡು ಸಲ ಹೇಳಿದರು.

ನಾನು ಈಗಲೂ ದಿನಾ ಗುಳಿಗೆ ನುಂಗುತ್ತೇನೆ. ಮಾತಾಡಿಕೊಳ್ಳುತ್ತಾ ಓಡುತ್ತೇನೆ, ನಡೆಯುತ್ತಾ ಮುಗಿಸುತ್ತೇನೆ. ಕಾರವಾರದ ಡಾಕ್ಟರಮ್ಮನ ಋಣ ದೊಡ್ಡದು. ಸಿಟ್ಟು ಮಾತ್ರ ಪೂರ್ತಿ ಇಳಿದಿಲ್ಲ. ಇಳಿಯಬೇಕೆಂದೂ ಈಗೀಗ ಅನಿಸುವುದಿಲ್ಲ.

ಅವತ್ತು ಹೊರಗೆ ಬಂದ ಮೇಲೆ ಆ ಹೆಂಗಸು ಚೀಟಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿದ್ದಳು, "ಇಷ್ಟೇಯಾ ಅಕ್ಕೋರೇ? ಇದ್ನ ಮೊದ್ಲೇ ಹೇಳೂಕೆ ಎಂತಾಗಿತ್ತು ಇವ್ರಿಗೆ?"

ನಾನು ಬಾಗಿ ಅವಳ ಬುಟ್ಟಿಯ ಒಂದು ಬದಿ ಹಿಡಿದೆ.