ಭಾವ ತೂಗಿದ ಮನೆ

ನಮ್ಮ ಭಾವನನ್ನು ಲಾರಿ ಡ್ರೈವರುಗಳೆಲ್ಲ ಕರೆಯುವುದು ‘ತಕ್ಕಡಿ’ ಎಂದೇ. ಕ್ವಾರಿ, ಸಿಮೆಂಟ್ ಕಾರ್ಖಾನೆಗಳ ಗೇಟಿನಲ್ಲಿ ಲಾರಿಯನ್ನು ಇಡಿಯಾಗಿ ತೂಗುವ ವೇಬ್ರಿಡ್ಜ್ ಇರುತ್ತದಲ್ಲ, ಅದು ಸರಿಯಾಗಿ ತೂಗುತ್ತಿದೆಯೇ ಎಂದು ನೋಡಿ ರಿಪೇರಿ ಮಾಡುವುದು ಅವರ ಕೆಲಸ. ವಾರಗಟ್ಟಲೆ ಊರೂರು ತಿರುಗಬೇಕು. ಅಂಗಡಿಯಿಂದ ತಂದ ಟೊಮೆಟೊವನ್ನೂ ಮನೆಯಲ್ಲಿ ಮತ್ತೆ ತೂಗಿ, ಹೆಚ್ಚಿಗೆ ಬಂದಿದ್ದರೆ ವಾಪಸ್ ಕೊಟ್ಟು ಬರುವ ಆಸಾಮಿ. ಅಕ್ಕ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಆ ಅಕ್ಕನಿಗೆ ಫಿಟ್ಸ್ ಶುರುವಾಯಿತು. ಒಮ್ಮೆ ಒಲೆಯ ಮೇಲೇ ಬಿದ್ದು ಮೊಣಕೈವರೆಗೆ ಸುಟ್ಟುಕೊಂಡಳು. ಇನ್ನೊಮ್ಮೆ ಬಚ್ಚಲಲ್ಲಿ ಬಿದ್ದವಳು, ಭಾವ ಊರಿಂದ ಬಂದು ಬಾಗಿಲು ಒಡೆಯುವವರೆಗೂ ಅಲ್ಲೇ ಇದ್ದಳು. ನೋಡಿಕೊಳ್ಳಲು ಬಂದ ಹೆಂಗಸರು ಯಾರೂ ನಿಲ್ಲಲಿಲ್ಲ. ನಾನೋ, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಪಾಳಿ ದುಡಿಯುವವಳು; ನನ್ನ ಒಂದೇ ಕೋಣೆಯಲ್ಲಿ ತಂದಿಟ್ಟುಕೊಂಡರೂ ಹಗಲೆಲ್ಲ ಅವಳು ಒಂಟಿಯೇ. ಭಾವ ಕೆಲಸ ಬಿಟ್ಟರೆ ಮಾತ್ರೆಗೆ ಗತಿಯಿಲ್ಲ, ಕೆಲಸಕ್ಕೆ ಹೋದರೆ ಅಕ್ಕನಿಗೆ ದಿಕ್ಕಿಲ್ಲ. ಅತ್ತ ದರಿ, ಇತ್ತ ಪುಲಿ.

ಆಗ ಭಾವನ ಕಣ್ಣಿಗೆ ಬಿದ್ದದ್ದು ಆ ಕ್ಯಾರವಾನ್. ಯಾರೋ ಶ್ರೀಮಂತರು ಬಳಸಿ ಬಿಟ್ಟ, ಬಸ್ಸಿನಷ್ಟು ಉದ್ದದ ಚಕ್ರದ ಮನೆ. ಒಳಗೆ ಚರ್ಮದ ಸೋಫಾ, ಆಳೆತ್ತರದ ಫ್ರಿಜ್ಜು, ಬಚ್ಚಲಿಗೆ ಬಿಳಿ ಅಮೃತಶಿಲೆ.

“ನಿಮ್ಮಕ್ಕ ಹಿಂದೆ ಮಲಗಿರ್ತಾಳೆ, ನಾನು ಮುಂದೆ ಓಡಿಸ್ತಿರ್ತೀನಿ. ಕೆಲಸ ಮುಗಿದ್ಮೇಲೆ ಯಾವುದಾದ್ರೂ ಕೆರೆ ಪಕ್ಕ ನಿಲ್ಲಿಸಿ, ಹೊರಗೆ ಕುರ್ಚಿ ಹಾಕ್ಕೊಂಡು ಕೂತ್ಕೋತೀವಿ” ಎಂದರು.

ಇದ್ದ ಮನೆ ಮಾರಿ ಅದನ್ನು ಕೊಂಡರು. ಮಡಚುವ ಕುರ್ಚಿ ಎರಡು ತಂದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಾನು ಗೊಣಗಿದೆ. ಆದರೆ ಅಕ್ಕ ಆ ಸೋಫಾದ ಮೇಲೆ ಕೂತು ನಗುತ್ತಿದ್ದಳು. ಅವಳು ನಕ್ಕು ಎಷ್ಟೋ ಕಾಲವಾಗಿತ್ತು. 

ಮೊದಲ ಪ್ರಯಾಣಕ್ಕೆ ರಜೆ ಹಾಕಿ ನಾನೂ ಹೊರಟೆ. ಗುಡ್ಡದ ಮೇಲಿನ ಕಲ್ಲಿನ ಕ್ವಾರಿ. ಏರುದಾರಿಯಲ್ಲಿ ಗಾಡಿ ಏದುಸಿರು ಬಿಟ್ಟಿತು, ಹಿಂದಿನ ಟೈರಿನಿಂದ ಸುಟ್ಟ ವಾಸನೆ ಬಂತು. ಮೇಲೆ ಹೋದರೆ, ಪರೀಕ್ಷೆಗೆ ಬೇಕಾದ ಕಬ್ಬಿಣದ ತೂಕದ ಬಟ್ಟುಗಳನ್ನು ತರಬೇಕಿದ್ದ ಲಾರಿ ಬಂದೇ ಇರಲಿಲ್ಲ. ಗೇಟಿನಲ್ಲಿ ಕಲ್ಲಿನ ಲಾರಿಗಳ ಸಾಲು, ಮ್ಯಾನೇಜರನ ಕಿರುಚಾಟ. ಇಂಥ ಹೊತ್ತಿನಲ್ಲಿ ತೂಕ ಗೊತ್ತಿರುವ ಗಾಡಿಯೊಂದನ್ನು ಹತ್ತಿಸಿ ನೋಡುವುದುಂಟಂತೆ. ಭಾವ ತಮ್ಮ ಮನೆಯನ್ನೇ ಹತ್ತಿಸಿದರು.

ಮಾರಿದವನು ಹೇಳಿದ್ದಕ್ಕಿಂತ ಒಂದೂವರೆ ಟನ್ ಹೆಚ್ಚು ತೋರಿಸಿತು.

“ಯಂತ್ರ ಕೆಟ್ಟಿದೆ” ಎಂದರು ಭಾವ.

“ಗಾಡಿನೇ ಭಾರ ಇದ್ರೆ ಭಾವ?”

“ಹಾಗಾದ್ರೆ ಇದನ್ನ ರಸ್ತೆಗೆ ಇಳಿಸೋ ಹಾಗೇ ಇಲ್ಲಮ್ಮ. ಬ್ರೇಕ್ ಹಿಡಿಯಲ್ಲ. ಗಾಡಿ ಸರಿಯಾಗೇ ಇದೆ.”

ಹೀಗೆ ಹೇಳಿ, ಸರಿಯಾಗಿದ್ದ ತಕ್ಕಡಿಯನ್ನು ಮಾರಿದವನು ಹೇಳಿದ ತೂಕಕ್ಕೆ ತಿರುಗಿಸಿಟ್ಟರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಟೊಮೆಟೊ ತೂಗುವ ಮನುಷ್ಯ ಮನೆಯನ್ನು ತೂಗಿಸದೆ ಕೊಂಡಿದ್ದರು. ಅಕ್ಕನನ್ನು ಕೂರಿಸಲು ಜಾಗ ಸಿಕ್ಕಿತಲ್ಲ, ಅಷ್ಟೇ ಅವರಿಗೆ ಕಂಡದ್ದು.

ಮಧ್ಯಾಹ್ನ ಬಟ್ಟಿನ ಲಾರಿ ಬಂತು. ಬಟ್ಟು ಏರಿಸಿದರೆ ತಕ್ಕಡಿ ಕಡಿಮೆ ತೋರಿಸಿತು. ಭಾವ ಮ್ಯಾನೇಜರನ ಬಳಿ ಹೋಗಿ “ತಪ್ಪು ನಂದೇ, ಬೆಳಗಿಂದ ಹೋದ ಲಾರಿಗಳನ್ನ ವಾಪಸ್ ಕರೆಸಿ” ಎಂದರು. ಅವನು ಬೈದದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿದರು. ತಕ್ಕಡಿ ಸರಿಮಾಡಿ, ಕ್ಯಾರವಾನನ್ನು ಮತ್ತೆ ಹತ್ತಿಸಿದರು. ಅದೇ ಒಂದೂವರೆ ಟನ್.

ಆಮೇಲೆ ಅವರು ಮಾಡಿದ್ದನ್ನು ನೋಡಲಾಗಲಿಲ್ಲ. ಸುತ್ತಿಗೆ ಹಿಡಿದು ಬಚ್ಚಲಿನ ಅಮೃತಶಿಲೆ ಒಡೆದರು. ಸೋಫಾ ಎಳೆದು ಹಾಕಿದರು. ಫ್ರಿಜ್ಜು, ಕಪಾಟು, ಅಡುಗೆಕಟ್ಟೆಯ ಕಲ್ಲು, ಒಂದೊಂದೇ ಹೊರಗೆ. ಪ್ರತಿ ಸಲವೂ ತಕ್ಕಡಿ ಕೋಣೆಯ ಹೊರಗೋಡೆಯಲ್ಲಿ ತೂಕ ತೋರಿಸುವ ಕೆಂಪು ಅಂಕಿ ನೋಡುವರು, ಮತ್ತೆ ಒಳಗೆ ನುಗ್ಗುವರು. ಕೈ ಕುಯ್ದು ರಕ್ತ ಸುರಿಯುತ್ತಿದ್ದರೂ ಖಬರಿಲ್ಲ. “ಸಾಕು ಬಿಡಿ ಭಾವ” ಎಂದರೆ ಕಿವಿಗೇ ಬೀಳಲಿಲ್ಲ. ಕೊನೆಗೆ ಉಳಿದದ್ದು ಅಕ್ಕನ ಮಂಚ, ಎರಡು ಕುರ್ಚಿ. ಅಂಕಿ ಇನ್ನೂ ಹೆಚ್ಚೇ ಇತ್ತು. ಮಾರಲು ಬೇರೆ ಮನೆ ಇರಲಿಲ್ಲ, ಹೋಗಲು ಊರಲ್ಲಿ ಬಾಗಿಲಿರಲಿಲ್ಲ.

ಅಷ್ಟರಲ್ಲಿ ಅಕ್ಕ ಕುರ್ಚಿಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲಿಳಿದಳು. ತಕ್ಕಡಿಯ ಅಂಚು ದಾಟಿ, ನೆಲದ ಮೇಲೆ ಕುರ್ಚಿ ಬಿಡಿಸಿ ಕೂತಳು.

“ಈಗ ನೋಡ್ರೀ” ಎಂದಳು.

ಜೀವಮಾನದ ಅಭ್ಯಾಸ. ಭಾವನ ಕಣ್ಣು ಅಂಕಿಯ ಕಡೆ ಹೋಯಿತು. ಅದು ಹೋದದ್ದನ್ನು ಅಕ್ಕ ಕಂಡಳು.

“ಎಷ್ಟು ಇಳೀತು?”

ಅಂಕಿ ಇಳಿದಿತ್ತು. ನಾನೂ ನೋಡಿದ್ದೆ. ತೂಕದ ವಿಷಯದಲ್ಲಿ ಬೇಕೆಂದು ಎಂದೂ ಸುಳ್ಳು ಹೇಳದ ಮನುಷ್ಯ ಅವಳ ಕಾಲ ಬಳಿ ಕುಸಿದು ಕೂತು, “ಏನೂ ಇಳಿದಿಲ್ಲ ಕಣೇ, ಗಾಡಿ ಹತ್ತು” ಎಂದರು.